ಸೇವೆಯ ಲೆಕ್ಕದಲ್ಲಿ ಹಿಂದಿನ ವರ್ಷದ ಶಿಲ್ಕು

ಸೇವಾ ಸಂಸ್ಥೆಗಳ ಯುಗಾದಿ ಜುಲೈ 1ರಂದು ಬರುತ್ತದೆ. ಅಂದು ರೋಟರಿ, ಲಯನ್ಸ್ ಮೊದಲಾದ ಕ್ಲಬ್ಬುಗಳ ಹಳೆಯ ಅಧ್ಯಕ್ಷರು ಮಾಜಿಗಳಾಗುತ್ತಾರೆ, ಹೊಸಬರು ಹಾರ ಹಾಕಿಸಿಕೊಳ್ಳುತ್ತಾರೆ. ಮುಂದಿನ ಜೂನ್ 30ಕ್ಕೆ ಅವರ ಸರದಿಯೂ ಮುಗಿಯುತ್ತದೆ. ಹೈದರಾಬಾದಿನ ಇಂಥದೊಂದು ಕ್ಲಬ್ಬಿಗೆ ಕಳೆದ ಸಾಲಿನಲ್ಲಿ ನಾನು ಅಧ್ಯಕ್ಷನಾಗಿದ್ದೆ. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟಿರುವ ಮಾತು ಬಹುತೇಕ ಎಲ್ಲ ಕ್ಲಬ್ಬುಗಳಿಗೂ, ನಮ್ಮ ಕನ್ನಡ ಸಂಘಗಳಿಗೂ ಅನ್ವಯಿಸತಕ್ಕದ್ದು. ಸ್ಮರಣ ಸಂಚಿಕೆಗಾಗಿ ಅಧ್ಯಕ್ಷಗಿರಿಯ ಅನುಭವವನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಆಗ್ರಹಪಡಿಸಿದಾಗ, ವಾಣಿಜ್ಯ ಪದವೀಧರನಾದ ನನಗೆ ಬರೆಯಲು ಬರುವುದು ಜಮಾ-ಖರ್ಚು ಮಾತ್ರವೆಂದು ತಪ್ಪಿಸಿಕೊಳ್ಳಲು ನೋಡಿದೆ. "ಅದನ್ನೇ ಬರೆಯಿರಿ" ಎಂದರು. ಬರೆಯುತ್ತಿದ್ದೇನೆ.

ಬ್ಯಾಂಕಿನ ನೌಕರಿಯಲ್ಲಿ ಅಧಿಕಾರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ತಪ್ಪದು. ಶಾಖೆಯ ಮ್ಯಾನೇಜರು ಬದಲಾದ ಮಾತ್ರಕ್ಕೆ ಹಿಂದಿನವರು ಕೊಟ್ಟ ಸಾಲ ಮನ್ನಾ ಆಗುವುದಿಲ್ಲ. ಅವರ ಕಾಲದಲ್ಲಿ ಬಂದ ಠೇವಣಿಯೂ ಮಾಯವಾಗುವುದಿಲ್ಲ. ಮಾರ್ಚ್ 31ರ ಅಂತಿಮ ಶಿಲ್ಕೇ ಏಪ್ರಿಲ್ 1ರ ಆರಂಭ ಶಿಲ್ಕು. ಬಂದವನು ಹೋದವನ ಹೊಣೆಗಳನ್ನೆಲ್ಲ ಹೊತ್ತುಕೊಂಡೇ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು. ಸೇವಾ ಸಂಸ್ಥೆಗಳಲ್ಲಿಯೂ ಹಣದ ಮಟ್ಟಿಗೆ ವ್ಯವಸ್ಥೆ ಹೀಗೆಯೇ ಇದೆ. ಖಜಾಂಚಿಯು ಒಂದು ರೂಪಾಯಿಯನ್ನೂ ಬಿಡದೆ ಲೆಕ್ಕ ಒಪ್ಪಿಸುತ್ತಾನೆ. ಆದರೆ ಮನುಷ್ಯರ ಮಟ್ಟಿಗೆ ಮಾತ್ರ ಪ್ರತಿ ಜುಲೈ 1ರಂದು ಹೊಸ ಪುಸ್ತಕ, ಸೊನ್ನೆಯಿಂದ ಆರಂಭ.

ಅಧಿಕಾರ ವಹಿಸಿಕೊಂಡ ಮೊದಲ ವಾರ ಕಚೇರಿಯ ಬೀರುವನ್ನು ತೆಗೆದು ನೋಡಿದೆ. ಹಿಂದಿನ ಮೂರು ವರ್ಷಗಳ ಆರೋಗ್ಯ ತಪಾಸಣಾ ಶಿಬಿರಗಳ ರಿಜಿಸ್ಟರುಗಳು ಅಚ್ಚುಕಟ್ಟಾಗಿದ್ದವು. ಹೆಸರು, ವಯಸ್ಸು, ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆಯ ಅಂಶ, ಕೊನೆಯ ಅಂಕಣದಲ್ಲಿ "ವೈದ್ಯರನ್ನು ಕಾಣಲು ಸೂಚಿಸಲಾಗಿದೆ" ಎಂಬ ಷರಾ. ಆ ಷರಾ ಇದ್ದವರು ಅನೇಕರು. ಅವರಲ್ಲಿ ಯಾರು ವೈದ್ಯರನ್ನು ಕಂಡರು, ಯಾರು ಕಾಣಲಿಲ್ಲ ಎಂಬುದನ್ನು ತಿಳಿಸುವ ಒಂದು ಪುಟವೂ ಇರಲಿಲ್ಲ. ವಾರ್ಷಿಕ ವರದಿಯಲ್ಲಿ ಇಂತಿಷ್ಟು "ಫಲಾನುಭವಿಗಳು" ಎಂದು ಛಾಪಿಸಲಾಗಿತ್ತು. ಸಾಲದ ಅರ್ಜಿ ಬರೆಸಿಕೊಂಡು ಹಣ ಕೊಡದೆ ಕಳುಹಿಸಿದವನನ್ನು ನಾವು ಬ್ಯಾಂಕಿನವರು ಫಲಾನುಭವಿಯೆಂದು ಕರೆಯುವುದಿಲ್ಲ.

ಈ ಸಂಚಿಕೆಯಲ್ಲಿ ವೈದ್ಯ ಮಹನೀಯರು ಆರೋಗ್ಯದ ಬಗ್ಗೆ ನನಗಿಂತ ಚೆನ್ನಾಗಿ ಬರೆಯುತ್ತಾರೆ. ನಾನು ತಿಳಿದುಕೊಂಡ ಮಟ್ಟಿಗೆ ಹೇಳುವುದಾದರೆ, ರಕ್ತದ ಏರೊತ್ತಡವೂ ಮಧುಮೇಹವೂ ಬಹುಕಾಲ ಸದ್ದಿಲ್ಲದೆ ಇರತಕ್ಕ ರೋಗಗಳು. ಶಿಬಿರದ ಗದ್ದಲದಲ್ಲಿ ಒಮ್ಮೆ ಅಳೆದ ಒತ್ತಡ 140/90ನ್ನು ಮೀರಿದರೆ ಅದು ಅನುಮಾನಕ್ಕೆ ಕಾರಣವೇ ಹೊರತು ನಿರ್ಣಯವಲ್ಲ. ಬೇರೆ ಬೇರೆ ದಿನಗಳಲ್ಲಿ ಮತ್ತೆ ಅಳೆಯಬೇಕು. ಬೆರಳು ಚುಚ್ಚಿ ನೋಡಿದ ಸಕ್ಕರೆಯ ಅಂಕೆಯೂ ಹಾಗೆಯೇ. ಬರಿಹೊಟ್ಟೆಯ ರಕ್ತಪರೀಕ್ಷೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಇಲ್ಲವೇ ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಪರೀಕ್ಷೆಯಲ್ಲಿ ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಮಧುಮೇಹವೆಂದು ಪರಿಗಣಿಸುತ್ತಾರೆ. ಅದನ್ನೂ ಸಾಮಾನ್ಯವಾಗಿ ಇನ್ನೊಮ್ಮೆ ಖಚಿತಪಡಿಸಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಇಷ್ಟು ಜನರಿಗೆ "ನಿಮಗೆ ಸಕ್ಕರೆ ಇದೆ" ಎಂದು ಒಮ್ಮೆ ಹೇಳಿ ಎದ್ದುಬರುವುದರಿಂದ ರೋಗ ಒಂದಂಗುಲವೂ ಕದಲುವುದಿಲ್ಲ.

ಆದ್ದರಿಂದ ಆ ವರ್ಷದ ಮೊದಲ ಶಿಬಿರವನ್ನು ಹಿಂದಿನ ವರ್ಷದ ಬಸ್ತಿಯಲ್ಲಿಯೇ, ಹಿಂದಿನ ರಿಜಿಸ್ಟರನ್ನು ಕೈಯಲ್ಲಿ ಹಿಡಿದುಕೊಂಡೇ ನಡೆಸೋಣವೆಂದು ಸಭೆಯಲ್ಲಿ ಸೂಚಿಸಿದೆ. ಚರ್ಚೆ ಒಂದೂವರೆ ಗಂಟೆ ನಡೆಯಿತು. ಅದೇ ಜಾಗ, ಅದೇ ಜನ; ವರದಿಯಲ್ಲಿ ತೋರಿಸಲು ಹೊಸದೇನಿದೆ ಎಂದು ಒಬ್ಬರು ಕೇಳಿದರು. ಜಿಲ್ಲಾ ಮಟ್ಟದ ಪ್ರಶಸ್ತಿಗೆ ಹೊಸ ಶಿಬಿರಗಳ ಸಂಖ್ಯೆಯೇ ಆಧಾರವೆಂದು ಇನ್ನೊಬ್ಬರು ಜ್ಞಾಪಿಸಿದರು. ಇವರಾರೂ ಕೆಟ್ಟವರಲ್ಲ. ಭಾನುವಾರದ ಬೆಳಗನ್ನು ಬಿಟ್ಟುಕೊಟ್ಟು, ಸ್ವಂತ ಕಾರಿಗೆ ಸ್ವಂತ ಪೆಟ್ರೋಲು ಹಾಕಿಕೊಂಡು ಬರತಕ್ಕವರು. ಅಳತೆಗೋಲೇ ತಪ್ಪಾಗಿರುವಾಗ ಅಳೆಯುವವರನ್ನು ದೂರಿ ಫಲವಿಲ್ಲ. ಕೊನೆಗೆ ಅಲ್ಪ ಬಹುಮತದಿಂದ ಸಲಹೆ ಅಂಗೀಕೃತವಾಯಿತು.

ಆ ಬಸ್ತಿಯಲ್ಲಿರುವವರು ಬಹುಮಟ್ಟಿಗೆ ಕಟ್ಟಡ ಕೆಲಸದವರು. ಪಾಲಮೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು. ರಿಜಿಸ್ಟರಿನಲ್ಲಿದ್ದ ಅರ್ಧದಷ್ಟು ಮಂದಿ ಸಿಕ್ಕಲೇ ಇಲ್ಲ. ಕಟ್ಟಡ ಮುಗಿದೊಡನೆ ಗಂಟು ಕಟ್ಟಿಕೊಂಡು ಬೇರೆಡೆಗೆ ಹೋಗಿದ್ದರು. ಸಿಕ್ಕವರಲ್ಲಿ ಯಾದಗಿರಿ ಕಡೆಯ ಒಬ್ಬ ಮೇಸ್ತ್ರಿ ಇದ್ದ. ಹಿಂದಿನ ವರ್ಷ ಅವನ ಸಕ್ಕರೆಯ ಅಂಕೆ 280ನ್ನು ಮೀರಿತ್ತು. ನಮ್ಮನ್ನು ಕಂಡೊಡನೆ ಒಳಗೆ ಹೋಗಿ, ರೇಷನ್ ಕಾರ್ಡಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದ ಚೀಟಿಯನ್ನು ತಂದು ತೋರಿಸಿದ.

"ಚೀಟಿ ಜ್ವಾಕಿಯಿಂದ ಇಟ್ಟೀನ್ರಿ ಸಾಹೇಬ್ರ. ನೀವು ಮತ್ತ ಬರ್ತೀರಿ ಅಂತ ಹಾದಿ ನೋಡಿದ್ನಿ."

"ಗುಳಿಗಿ ತಗೊಂಡ್ರೇನು?" ಎಂದು ಕೇಳಿದೆ.

"ಯಾವ ಗುಳಿಗಿರಿ?"

ಚೀಟಿ ಇಂಗ್ಲಿಷಿನಲ್ಲಿತ್ತು. ಓದಲು ಬಾರದ ಅವನು ಅದನ್ನು ಒಂದು ಬಗೆಯ ರಶೀದಿ ಎಂದು ಭಾವಿಸಿದ್ದನು. ನಮ್ಮೊಂದಿಗೆ ಬಂದಿದ್ದ ವೈದ್ಯರು ಅವನ ಕಾಲನ್ನು ನೋಡಿದರು. ಬಲಪಾದದ ಕಿರುಬೆರಳಿನ ಕೆಳಗೆ ಹುಣ್ಣಾಗಿತ್ತು. ನೋವೇ ಇಲ್ಲದ್ದರಿಂದ ಅವನಿಗೆ ಅದರ ಚಿಂತೆ ಇರಲಿಲ್ಲ. ಮಧುಮೇಹದಲ್ಲಿ ನರಗಳ ಸಂವೇದನೆ ಕುಂದುವುದರಿಂದ ಹೀಗಾಗುತ್ತದಂತೆ. ಮರುದಿನವೇ ಸರಕಾರಿ ಆಸ್ಪತ್ರೆಗೆ ಸೇರಿಸಿದೆವು. ಬೆರಳು ಹೋಯಿತು, ಕಾಲು ಉಳಿಯಿತು. ಇನ್ನೊಂದು ವರ್ಷ ತಡವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ವೈದ್ಯರು ಹೇಳಿದರು; ಇಲ್ಲಿ ಬರೆಯಲಾರೆ.

ಅಂದಿನಿಂದ ಕ್ಲಬ್ಬಿನಲ್ಲಿ ಚರ್ಚೆಯ ಧಾಟಿ ಬದಲಾಯಿತು. ಔಷಧಿಯನ್ನು ನಾವೇ ಕೊಳ್ಳಬೇಕಾದ ಪ್ರಮೇಯವೂ ಬರಲಿಲ್ಲ. ಹೈದರಾಬಾದಿನಲ್ಲಿ 2018ರಿಂದ ಬಸ್ತಿ ದವಾಖಾನೆಗಳೆಂಬ ಸಣ್ಣ ಸರಕಾರಿ ಚಿಕಿತ್ಸಾಲಯಗಳು ನಡೆಯುತ್ತಿವೆ. ಸಾಮಾನ್ಯ ತಪಾಸಣೆಯೂ ಒತ್ತಡ, ಸಕ್ಕರೆಯ ಮಾತ್ರೆಗಳೂ ಅಲ್ಲಿ ಉಚಿತ. ಬಡವನಿಗೂ ಆ ದವಾಖಾನೆಗೂ ನಡುವೆ ಇರುವುದು ಒಂದೆರಡು ಬೀದಿಗಳಷ್ಟು ದೂರ ಮಾತ್ರ. ಕೂಲಿ ತಪ್ಪುತ್ತದೆಂಬ ಭಯ, ಭಾಷೆಯ ತೊಡಕು, ಏನು ಕೇಳಬೇಕೆಂಬ ಅಜ್ಞಾನ, ಇವು ಆ ಎರಡು ಬೀದಿಗಳನ್ನು ಎರಡು ಹರದಾರಿ ಮಾಡುತ್ತವೆ. ಮೊದಲ ಸಲ ಜೊತೆಗೆ ಹೋಗುವುದು, ತಿಂಗಳಿಗೊಮ್ಮೆ "ಮಾತ್ರೆ ಮುಗಿಯಿತೇ" ಎಂದು ದೂರವಾಣಿಯಲ್ಲಿ ವಿಚಾರಿಸುವುದು, ಇಷ್ಟೇ ನಮ್ಮ ಸದಸ್ಯರು ಮಾಡಿದ ಕೆಲಸ. ಇದಕ್ಕೆ ಶಾಮಿಯಾನ ಬೇಡ, ಧ್ವನಿವರ್ಧಕ ಬೇಡ, ಮುಖ್ಯ ಅತಿಥಿ ಬೇಡ. ಶಾಲು ಹೊದಿಸುವ ಪ್ರಸಂಗವೂ ಇಲ್ಲ. (ಹೈದರಾಬಾದಿನ ಬೇಸಗೆಯಲ್ಲಿ ನಾವು ಒಬ್ಬರಿಗೊಬ್ಬರು ಹೊದಿಸುವ ಶಾಲುಗಳು ಕೊನೆಗೆ ಎಲ್ಲಿ ಸೇರುತ್ತವೆಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ.)

ರಕ್ತದಾನದ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ ಜಾಡಿನದು. ಆಗಸ್ಟ್ 15ರಂದು, ಅಕ್ಟೋಬರ್ 2ರಂದು, ನಾಯಕರ ಹುಟ್ಟುಹಬ್ಬಗಳಂದು ಊರೆಲ್ಲ ಶಿಬಿರಗಳು. ರಕ್ತಕ್ಕೆ ದೇಶಭಕ್ತಿ ಇದ್ದರೂ ಆಯುಷ್ಯ ಕಡಿಮೆ. ಕೆಂಪು ರಕ್ತಕಣಗಳನ್ನು ಬಳಸುವ ದ್ರಾವಣಕ್ಕನುಸಾರವಾಗಿ 35ರಿಂದ 42 ದಿನಗಳವರೆಗೆ ಮಾತ್ರ ಕಾಪಾಡಬಹುದು. ಡೆಂಗಿ ಜ್ವರದ ಕಾಲದಲ್ಲಿ ಎಲ್ಲರೂ ಹುಡುಕಾಡುವ ಪ್ಲೇಟ್‌ಲೆಟ್‌ಗಳಿಗೆ 5 ದಿನಗಳ ಆಯುಷ್ಯ. ಸ್ವಾತಂತ್ರ್ಯ ದಿನದ ರಕ್ತ ದೀಪಾವಳಿಯವರೆಗೆ ಬಾರದು. ಇತ್ತ ಥಲಸ್ಸೀಮಿಯಾ ಪೀಡಿತ ಮಕ್ಕಳಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಲೇಬೇಕು. ಅವರ ಪಂಚಾಂಗದಲ್ಲಿ ರಾಷ್ಟ್ರೀಯ ಹಬ್ಬಗಳಿಲ್ಲ. ಏಪ್ರಿಲ್-ಮೇ ತಿಂಗಳುಗಳಲ್ಲಿ ಕಾಲೇಜುಗಳು ಮುಚ್ಚಿ, ಜನ ಊರುಗಳಿಗೆ ತೆರಳಿದಾಗ ರಕ್ತನಿಧಿಗಳು ಒಣಗುತ್ತವೆ. ಆದ್ದರಿಂದ ಆಗಸ್ಟಿನ ಒಂದು ದೊಡ್ಡ ಶಿಬಿರವನ್ನು ನಾಲ್ಕಾಗಿ ಒಡೆದು, ಒಂದನ್ನು ಮೇ ತಿಂಗಳಿನಲ್ಲಿ ಇಟ್ಟೆವು. ಜನ ಕಡಿಮೆ ಬಂದರು, ಛಾಯಾಚಿತ್ರ ಕಳಾಹೀನವಾಯಿತು. ರಕ್ತನಿಧಿಯವರು ಮಾತ್ರ ಆ ದಿನ ಎರಡು ಬಾರಿ ಧನ್ಯವಾದ ಹೇಳಿದರು. ಬ್ಯಾಂಕಿನಲ್ಲಿ 90 ದಿನ ಕಂತು ಬಾರದಿದ್ದರೆ ಸಾಲ ಕೆಟ್ಟಿತೆಂದು ಎಣಿಸುತ್ತೇವೆ. ರಕ್ತದಾನದಲ್ಲಿ 90 ದಿನ ಕಳೆದರೆ ಪುರುಷ ದಾನಿ ಮತ್ತೆ ಅರ್ಹನಾಗುತ್ತಾನೆ, ಮಹಿಳೆಯರಿಗೆ 120 ದಿನ. ಒಮ್ಮೆ ಕೊಟ್ಟವರನ್ನು ಆ ದಿನಕ್ಕೆ ಸರಿಯಾಗಿ ಮತ್ತೆ ಕರೆಯುವ ಪಟ್ಟಿ ಎಷ್ಟು ಸಂಸ್ಥೆಗಳಲ್ಲಿದೆ?

ಒಂದು ವರ್ಷದ ಅವಧಿಯೇ ದೋಷವೆಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಕುರ್ಚಿ ಬಿಡದ ಆಜೀವ ಅಧ್ಯಕ್ಷರನ್ನು ನಾವೆಲ್ಲರೂ ಕಂಡಿದ್ದೇವೆ. ಅದಕ್ಕಿಂತ ಇದು ಮೇಲು. ಅವಧಿ ಚಿಕ್ಕದಾದರೂ ಕೆಲಸ ದೊಡ್ಡದಾಗಬಹುದೆಂಬುದಕ್ಕೆ ನಮ್ಮ ಹೈದರಾಬಾದೇ ಸಾಕ್ಷಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಬಂದು ಸುಮಾರು 15,000 ಜನ ಮಡಿದರೆಂದು ಅಂದಾಜು. ಮರುವರ್ಷ ನಿಜಾಮ ಸರಕಾರ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಅಧ್ಯಯನ ನಡೆಸಿ, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂಬ ಯೋಜನೆ ಕೊಟ್ಟು, ಅದೇ 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಹೊರಟುಹೋದರು. ಅಂದರೆ ಇಲ್ಲಿದ್ದದ್ದು ಒಂದು ವರ್ಷವೂ ಪೂರ್ತಿಯಲ್ಲ! ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ನಡುವೆ ನಿಜಾಮರೇ ಬದಲಾದರು, ಯೋಜನೆ ಬದಲಾಗಲಿಲ್ಲ. ಹಿಂದಿನವರ ಕಾಗದವನ್ನು ಮುಂದಿನವರು ಓದಿದ್ದರ ಫಲವಾಗಿ ಆ ಎರಡು ಕೆರೆಗಳು ನಿಂತಿವೆ.

ಸೇವಾ ಸಂಸ್ಥೆಗಳ ಚರಿತ್ರೆಯಲ್ಲಿಯೇ ಇದಕ್ಕೆ ಮಿಗಿಲಾದ ನಿದರ್ಶನವಿದೆ. ರೋಟರಿ ಸಂಸ್ಥೆಯ ಅಂತರರಾಷ್ಟ್ರೀಯ ಅಧ್ಯಕ್ಷರೂ ವರ್ಷಕ್ಕೊಬ್ಬರೇ. ಆದರೂ 1985ರಲ್ಲಿ ಆರಂಭಿಸಿದ ಪೋಲಿಯೊ ನಿರ್ಮೂಲನದ ಸಂಕಲ್ಪವನ್ನು ಅನಂತರ ಬಂದ ಯಾವ ಅಧ್ಯಕ್ಷರೂ "ಇದು ಹಿಂದಿನವರದು" ಎಂದು ಪಕ್ಕಕ್ಕಿಡಲಿಲ್ಲ. 2009ರಲ್ಲಿ ಭಾರತದಲ್ಲಿ 741 ಮಕ್ಕಳಿಗೆ ಪೋಲಿಯೊ ತಗಲಿತ್ತು, 2010ರಲ್ಲಿ 42, 2011ರಲ್ಲಿ ಒಂದೇ ಒಂದು. ಆ ವರ್ಷದ ಜನವರಿ 13ರದೇ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಮನೆ ಮನೆಗೆ ನಡೆದ ಲಕ್ಷಾಂತರ ಕಾರ್ಯಕರ್ತರು ಎಲ್ಲರ ಪಾಲೂ ಇದರಲ್ಲಿದೆ. ನೆರೆಯ ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ಕೆಲಸ ಇನ್ನೂ ಬಾಕಿ ಇರುವುದರಿಂದ ಆ ಖಾತೆಯನ್ನು ಇಂದಿಗೂ ಮುಚ್ಚಿಲ್ಲ.

ಇನ್ನು ನಮ್ಮ ಸಂಘದ ಮಾತು. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರು, ಬೆಂಗಳೂರಿಗೆ 700ರ ಹತ್ತಿರ. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು; ರಾಜ್ಯ ಬದಲಾದರೂ ಕಾಯಿಲೆಯವರ ದಾರಿ ಬದಲಾಗಲಿಲ್ಲ. ದೊಡ್ಡ ರೋಗ ಬಂದರೆ ಆ ಕಡೆಯವರು ಇಂದಿಗೂ ಇಲ್ಲಿನ ಆಸ್ಪತ್ರೆಗಳಿಗೇ ಬರುತ್ತಾರೆ. ಪಟ್ಟಣದವರಿಗೆ ಉರ್ದುವೋ ಹಿಂದಿಯೋ ಬರುತ್ತದೆ. ಹಳ್ಳಿಯ ಹೆಣ್ಣುಮಗಳಿಗೆ ಕನ್ನಡವೊಂದೇ. ಯಾವ ಕೌಂಟರಿನಲ್ಲಿ ನಿಲ್ಲಬೇಕು, ಊಟಕ್ಕೆ ಮೊದಲು ಯಾವ ಮಾತ್ರೆ, ಮತ್ತೆ ಎಂದು ಬರಬೇಕು ಎಂಬುದನ್ನು ಅವಳ ಮಾತಿನಲ್ಲಿ ಹೇಳಬಲ್ಲವರು ಕಾಚಿಗುಡದಲ್ಲಿ, ಬರ್ಕತ್‌ಪುರದಲ್ಲಿ, ನಲ್ಲಕುಂಟದಲ್ಲಿ ಎಷ್ಟೋ ಮಂದಿ ಇದ್ದೇವೆ, ನಿವೃತ್ತರೂ ಇದ್ದಾರೆ. ರಾಜ್ಯೋತ್ಸವಕ್ಕೆ ನಾವು ತಪ್ಪದೆ ಸೇರುತ್ತೇವೆ, ಅದು ಸಂತೋಷವೇ. ಉಳಿದ ದಿನಗಳಿಗೂ ಒಂದು ಸರದಿಪಟ್ಟಿ ಇರಲೆಂಬುದು ನನ್ನ ಸೂಚನೆ: ವಾರದ ಯಾವ ಬೆಳಗ್ಗೆ ಯಾರು ಯಾವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇರುತ್ತಾರೆ, ಅವರ ದೂರವಾಣಿ ಯಾವುದು, ಯಾರ ರಕ್ತದ ಗುಂಪು ಏನು. ಕಾರ್ಯಕಾರಿ ಸಮಿತಿ ಬದಲಾದಾಗ ಹಣದ ಪುಸ್ತಕದೊಂದಿಗೆ ಈ ಪುಸ್ತಕವನ್ನೂ ಸಹಿ ಪಡೆದು ಒಪ್ಪಿಸತಕ್ಕದ್ದು.

ಜೂನ್ 30ರ ಸಂಜೆ ನಾನು ಹೊಸ ಅಧ್ಯಕ್ಷರಿಗೆ ಹೀಗೆಯೇ ಒಂದು ರಿಜಿಸ್ಟರನ್ನು ಒಪ್ಪಿಸಿದೆ. 61 ಹೆಸರುಗಳು, ಅವುಗಳಲ್ಲಿ 22ರ ಎದುರು "ಬಾಕಿ" ಎಂಬ ಷರಾ. ಔಷಧಿ ವ್ಯಾಪಾರಿಗಳಾದ ಅವರು ಒಂದೊಂದನ್ನೂ ಬೆರಳಿಟ್ಟು ಎಣಿಸಿ, ಅನಂತರವೇ ಸಹಿ ಹಾಕಿದರು. ಅವರಿಗೆ ಕನ್ನಡ ಬಾರದು. ಆ 22ರಲ್ಲಿ ಒಂಬತ್ತು ಮಂದಿ ನಮ್ಮ ಭಾಷೆಯವರು. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅವರ ಮನೆಗಳಿಗೆ ಹೋಗಿ ಬರುವುದಕ್ಕೆ ಕನ್ನಡ ಬಲ್ಲ ಇಬ್ಬರು ಬೇಕಾಗಿದ್ದಾರೆ. ಒಬ್ಬನು ನಾನು. ಇನ್ನೊಬ್ಬರು ಸಂಘದ ಕಾರ್ಯದರ್ಶಿಗಳಲ್ಲಿ ದಯವಿಟ್ಟು ಹೆಸರು ಕೊಡಬೇಕು.