ತಾರಸಿಗೆ ಹಸಿರು: ಮಣ್ಣು ಹಾಸುವುದೋ, ಚಪ್ಪರ ಹಾಕುವುದೋ?

ಏಪ್ರಿಲ್ ತಿಂಗಳ ರಾತ್ರಿ ಒಂಬತ್ತಕ್ಕೆ ಅರಂತೋಡಿನ ಯಾವುದಾದರೂ ಆರ್‌ಸಿಸಿ ಮನೆಯ ತಾರಸಿಗೆ ಬರಿಗಾಲಲ್ಲಿ ಹತ್ತಿ ನೋಡಿ. ಪಯಸ್ವಿನಿ ಹೊಳೆಯ ಕಡೆಯಿಂದ ತಂಗಾಳಿ ಬೀಸುತ್ತಿದ್ದರೂ ಅಂಗಾಲಿಗೆ ಬಿಸಿ ತಟ್ಟುತ್ತದೆ. ಕೆಳಗೆ ಕೋಣೆಯಲ್ಲಿ ಫ್ಯಾನು ಐದರಲ್ಲಿ ತಿರುಗುತ್ತಿರುತ್ತದೆ, ಬರುವುದು ಮಾತ್ರ ಬಿಸಿಗಾಳಿ.

ಕಾಂಕ್ರೀಟು ಬಿಸಿಲಿನ ಶಾಖವನ್ನು ಕೂಡಲೇ ಒಳಗೆ ಬಿಡುವುದಿಲ್ಲ. ಹಗಲಿಡೀ ಹೀರಿಕೊಂಡು, ಕೆಲವು ಗಂಟೆ ಹಿಡಿದಿಟ್ಟು, ನಾವು ಮಲಗುವ ಹೊತ್ತಿಗೆ ಇಳಿಸುತ್ತದೆ. ಹಂಚು ಹಾಗಲ್ಲ, ಬೇಗ ಕಾದು ಬೇಗ ಆರುತ್ತದೆ. ಸಂದುಗಳಲ್ಲಿ ಗಾಳಿಯಾಡುತ್ತದೆ, ಕೆಳಗೆ ಅಟ್ಟವೂ ಮರದ ಮುಚ್ಚಿಗೆಯೂ ಇರುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯಲ್ಲಿ ಮುಳಿಹುಲ್ಲು ನಿಧಾನವಾಗಿ ಹಂಚಿಗೆ ಜಾಗ ಬಿಟ್ಟಿತು. ಆಮೇಲೆ ಬಂದ ಸ್ಲ್ಯಾಬಿನಿಂದ ವರ್ಷವರ್ಷ ಹಂಚು ಕೈಯಾಡಿಸುವ ಕೆಲಸ ತಪ್ಪಿತು, ಜೊತೆಗೆ ಹಂಚಿಗೂ ಮುಚ್ಚಿಗೆಗೂ ನಡುವಿನ ಗಾಳಿಯ ಪದರವೂ ಹೋಯಿತು.

ಇದಕ್ಕೆ ಈಗ ಹೇಳುವ ಪರಿಹಾರಗಳಲ್ಲಿ ಹಸಿರು ಛಾವಣಿ ಒಂದು. ಸ್ಲ್ಯಾಬಿನ ಮೇಲೆ ನೀರು ಇಳಿಯದ ಹಾಸು, ಬೇರು ತಡೆಯುವ ಪದರ, ನೀರು ಬಸಿದುಹೋಗುವ ದಾರಿ, ಅದರ ಮೇಲೆ ಮಣ್ಣು ಮತ್ತು ಗಿಡ. ಬಿಸಿಲು ಸ್ಲ್ಯಾಬಿಗೆ ತಾಗದಂತೆ ಎಲೆ ತಡೆಯುತ್ತದೆ. ಅದಕ್ಕಿಂತ ಸ್ವಾರಸ್ಯದ ಕೆಲಸ ಎಲೆ ಬೆವರುವುದು, ಪುಸ್ತಕದ ಮಾತಿನಲ್ಲಿ ಬಾಷ್ಪವಿಸರ್ಜನೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ.

ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರಕಾರ ತಂದ ಎಕೋ ನಿವಾಸ್ ಸಂಹಿತಾ 2018 ಛಾವಣಿಗೊಂದು ಮಿತಿ ಹೇಳುತ್ತದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರಿನಲ್ಲಿ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರೀ ಸ್ಲ್ಯಾಬಿನಲ್ಲಿ ಮೂರು ವ್ಯಾಟ್‌ಗೂ ಮಿಕ್ಕಿ ದಾಟುತ್ತದೆ. ಒಂದೇ ಮಹಡಿಯ ಮನೆಗಳೇ ಹೆಚ್ಚಿರುವ ನಮ್ಮಲ್ಲಿ ಮನೆಮಂದಿಯೆಲ್ಲ ಮಲಗುವುದು ಆ ಸ್ಲ್ಯಾಬಿನಡಿಯೇ.

ಹಾಗೆಂದು ಮಣ್ಣು ಹೊತ್ತು ಹಾಕಲು ಹೊರಡುವ ಮೊದಲು ಭಾರದ ಲೆಕ್ಕ ನೋಡಬೇಕು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಇಟ್ಟಿರುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೊ. ನಾಲ್ಕೇ ಇಂಚು ಮಣ್ಣು ಆಟಿ ತಿಂಗಳ ಮಳೆಯಲ್ಲಿ ನೆನೆದು ಕೂತರೆ ಅದೊಂದೇ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ತೂಗುತ್ತದೆ. ಇನ್ನು ನೀರು. ಸೆಕೆ ಏರುವ ಮಾರ್ಚ್‌ನಿಂದ ಮೇವರೆಗೇ ಬಾವಿ ತಳ ಕಾಣುವುದು, ಎಲೆ ಬೆವರಬೇಕಾದದ್ದೂ ಆಗಲೇ.

ಎಲ್ಲಕ್ಕಿಂತ ದೊಡ್ಡ ತೊಡಕು ಅಡಿಕೆ. ಇಲ್ಲಿ ತಾರಸಿ ಎಂದರೆ ಮೇಲಿನ ಅಂಗಳ. ಹಣ್ಣಡಿಕೆ ಒಣಗಿ ಚಾಲಿಯಾಗಲು ನಲವತ್ತು ನಲವತ್ತೈದು ದಿನದ ಬಿಸಿಲು ಬೇಕು. ಕಾಯಂ ತೋಟ ಮಾಡಿದವರು ಅಡಿಕೆ ಹರವುವುದೆಲ್ಲಿ?

ನನಗೆ ಕಾಣುವಂತೆ, ಹಸಿರು ಸ್ಲ್ಯಾಬಿನ ಮೇಲೆ ಮಲಗುವುದಕ್ಕಿಂತ ಅದರ ಮೇಲೆ ತೂಗುವುದು ಈ ಊರಿಗೆ ಒಗ್ಗುತ್ತದೆ. ಅಂಗಳಕ್ಕೆ ಅಡಿಕೆ ಸಲಾಕೆ ಕಟ್ಟಿ ಸೋಗೆ ಹೊದಿಸಿದ ಚಪ್ಪರ ನಮಗೇನೂ ಹೊಸತಲ್ಲ. ಪ್ಯಾರಪೆಟ್ ಗೋಡೆಯ ಬದಿಯಲ್ಲಿ, ಕೆಳಗೆ ಗೋಡೆಯಿರುವ ಕಡೆ, ಚಟ್ಟಿಗಳಲ್ಲಿ ಬಸಳೆ, ತೊಂಡೆ ಊರಿ, ಅಡಿಕೆ ಇಳಿಸಿದ ಮೇಲೆ ಬಳ್ಳಿಯನ್ನು ನಡುವಿಗೆ ಹಬ್ಬಿಸಬಹುದು. ಬಳ್ಳಿ ತುಂಬುವವರೆಗೆ ಸೋಗೆಯೇ ಸಾಕು. ನೆರಳಿನ ಅಡಿ ಗಾಳಿ ಆಡಿದರೆ ಹಂಚಿನ ಮನೆಯ ಕಳೆದುಹೋದ ಪದರ ಅಷ್ಟರಮಟ್ಟಿಗೆ ಮರಳಿ ಸಿಕ್ಕಿದಂತೆ. ಮಳೆಗೆಂದು ಆಗಲೇ ಶೀಟು ಹಾಕಿಸಿದವರಿಗೆ ಅರ್ಧ ಕೆಲಸ ಮುಗಿದಿದೆ. ಅವರು ಶೀಟಿನ ನಾಲ್ಕೂ ಬದಿ ಮುಚ್ಚದಿದ್ದರೆ ಆಯಿತು.

ಬಿಲ್ಲಿನ ವಿಷಯದಲ್ಲಿ ಅತಿಯಾಸೆ ಬೇಡ. ಎಸಿ ಇರುವ ಮನೆಯಲ್ಲಿ ಅದು ಓಡುವ ಹೊತ್ತು ಕಡಿಮೆಯಾಗಿ, ಗೃಹಜ್ಯೋತಿ ಉಚಿತ ವಿದ್ಯುತ್ತಿನ 200 ಯೂನಿಟ್ ಮಿತಿ ದಾಟದೆ ಉಳಿಯಬಹುದು. ಬರೀ ಫ್ಯಾನಿನ ಮನೆಯಲ್ಲಿ ಯೂನಿಟ್ಟು ಅಷ್ಟೇನೂ ಉಳಿಯದು, ನಿದ್ದೆ ಉಳಿಯುತ್ತದೆ.