ತಲೆ ಎಣಿಸಿದಿರಿ, ತಳಿ ಎಣಿಸಿದಿರಾ?

2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಪತ್ತೆಯಾಯಿತು. ಕಾಣಿಸಿಕೊಂಡದ್ದು ಕೋಳಿಗಳನ್ನು ಒತ್ತೊತ್ತಾಗಿ ತುಂಬಿದ್ದ ಫಾರಂಗಳಲ್ಲಿ. ಕೊಲ್ಲುವ ಕೆಲಸ ಮಾತ್ರ ಅಲ್ಲಿಗೇ ನಿಲ್ಲದೆ ಸುತ್ತಲಿನ ಆದಿವಾಸಿ ಹಳ್ಳಿಗಳ ಅಂಗಳಕ್ಕೂ ಬಂತು. ಸೋಂಕು ಹಬ್ಬದಂತೆ ತಡೆಯಬೇಕಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಸೀಮೆ ಬುಸ್ರಾ ಎಂಬ ಕೋಳಿತಳಿಯ ತವರು. ಗೋಣಿ ಹಿಡಿದು ಬಂದವರಿಗೆ ಇದನ್ನು ಯಾರಾದರೂ ಹೇಳಿದ್ದರೇ? ಪರಿಹಾರ ತಲೆಗಿಷ್ಟು ಎಂದು ಸಿಕ್ಕಿತು. ತಲೆಮಾರುಗಳ ಬಿಸಿಲು, ಹಸಿವು, ರೋಗ ಸೋಸಿ ಉಳಿಸಿದ ಗುಣಕ್ಕೆ ಯಾವ ದರಪಟ್ಟಿಯಲ್ಲೂ ಬೆಲೆಯಿಲ್ಲ.

ಆ ಗುಣ ಎಂಥದ್ದೆಂದು ತಿಳಿಯಲು ಬೋಳುಕತ್ತಿನ ಕೋಳಿಯೊಂದನ್ನೇ ನೋಡಿ. ಊರಲ್ಲಿ ಅದನ್ನು ಕಂಡರೆ ಮಕ್ಕಳು ನಗುತ್ತಾರೆ. ಕೋಳಿಗೆ ಬೆವರಿಲ್ಲ, ಒಳಗಿನ ಕಾವನ್ನು ಏದುಸಿರಿನಿಂದ, ಬರಿಮೈಯಿಂದ ಕಳೆದುಕೊಳ್ಳಬೇಕು. ಬೋಳುಕತ್ತಿನ ಜೀನ್ ತಾಯಿತಂದೆಯರಲ್ಲಿ ಒಬ್ಬರಿಂದ ಬಂದರೂ ಸಾಕು, ಪುಕ್ಕ ಸುಮಾರು ಶೇ. 20 ಕಡಿಮೆಯಾಗುತ್ತದೆ, ಇಬ್ಬರಿಂದಲೂ ಬಂದರೆ ಶೇ. 40ರಷ್ಟು. ರಾಯಚೂರಿನ ಮೇ ತಿಂಗಳಲ್ಲಿ ಬ್ರಾಯ್ಲರ್ ಕೋಳಿ ಫ್ಯಾನಿನಡಿಯಲ್ಲೂ ಬಾಯಿ ಬಿಟ್ಟು ಸಾಯುವಾಗ, ಜವಾರಿ ಹ್ಯಾಟೆ ಬೇಲಿಯ ನೆರಳು ಹುಡುಕಿಕೊಂಡು ತಿಪ್ಪೆ ಕೆದರುತ್ತದೆ. ಹದ್ದಿನ ನೆರಳು ಬಿದ್ದರೆ ಮರಿಗಳನ್ನು ರೆಕ್ಕೆಯಡಿ ಸೆಳೆದುಕೊಳ್ಳುತ್ತದೆ. ವರ್ಷಕ್ಕೆ ಮುನ್ನೂರು ಮೊಟ್ಟೆ ಇಡುವ ಫಾರಂ ಕೋಳಿಗೆ ಕಾವು ಕೂರುವ ಬುದ್ಧಿಯೇ ಉಳಿದಿಲ್ಲ.

ಇಂಥ ತಳಿ ಹೋದರೆ ಹೋಗಲಿ, ಲ್ಯಾಬಿನಲ್ಲಿ ಮತ್ತೆ ಹುಟ್ಟಿಸಿಕೊಳ್ಳೋಣ ಎನ್ನುವ ಜಾಣರಿದ್ದಾರೆ. ಕೋಳಿಮೊಟ್ಟೆ ಹೆಪ್ಪುಗಟ್ಟಿಸಿಟ್ಟು ಆಮೇಲೆ ಮರಿ ಮಾಡಿಸುವ ವಸ್ತುವಲ್ಲ. ಹುಂಜದ ವೀರ್ಯವನ್ನು ಕಾಪಿಟ್ಟರೂ ಹ್ಯಾಟೆಯಿಂದ ಹೆಣ್ಣುಮರಿಗೆ ಮಾತ್ರ ಇಳಿಯುವ ಡಬ್ಲ್ಯು ವರ್ಣತಂತು ಅದರಲ್ಲಿರುವುದಿಲ್ಲ. ಅಂಗಳದ ಜೀವಂತ ಹಿಂಡೇ ತಳಿಯ ಭಂಡಾರ.

ಅದನ್ನೂ ನಾವು ಪ್ರೀತಿಯಿಂದಲೇ ಕೆಡಿಸುತ್ತಿದ್ದೇವೆ. ಹೆಬ್ಬಾಳದಲ್ಲಿ ಹುಟ್ಟಿದ ಗಿರಿರಾಜ ಕೋಳಿ ಚೆನ್ನಾಗಿ ತೂಕ ಬರುತ್ತದೆ, ಬಡವರಿಗೆ ನಾಲ್ಕು ಕಾಸೂ ತರುತ್ತದೆ. ಕಾವು ಕೂರುವುದಿಲ್ಲ. ಮರಿ ಬೇಕೆಂದರೆ ಮತ್ತೆ ಮರಿ ಕೊಡುವ ಕೇಂದ್ರದ ಬಾಗಿಲು! ಅದರ ಹುಂಜಗಳು ಊರ ಹ್ಯಾಟೆಗಳೊಡನೆ ಬೆರೆತ ಮೇಲೆ ಹಿಂಡಿನಲ್ಲಿ ಏನು ಉಳಿಯಿತು, ಏನು ಅಳಿಯಿತು? ಮರಿ ಹಂಚುವ ಯೋಜನೆಯ ಫಲಾನುಭವಿ ಪಟ್ಟಿಯಲ್ಲಿ ಈ ಲೆಕ್ಕಕ್ಕೆ ಜಾಗವಿಲ್ಲ.

ಸರ್ಕಾರಿ ಫಾರಂ ಒಂದರಲ್ಲಿ ನಾಲ್ಕು ಜೋಡಿ ಇಟ್ಟು ಫೋಟೊ ತೆಗೆಸಿದರೆ ಸಂರಕ್ಷಣೆಯಾಗುವುದಿಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಕೇಂದ್ರಕ್ಕೇ ಜ್ವರ ಹೊಕ್ಕು, ಅಲ್ಲಿನ ಹಕ್ಕಿಗಳನ್ನೂ ಕೊಂದು ಹೂಳಿದ್ದನ್ನು ಮರೆತಿರಾ? ಒಂದೊಂದು ತಳಿಯನ್ನೂ ದೂರದೂರದ ನಾಲ್ಕಾರು ಊರುಗಳಲ್ಲಿ, ಸಾಕಿ ಬಲ್ಲ ಹೆಂಗಸರ ಕೈಯಲ್ಲೇ ಉಳಿಸಿ. ಅವರಿಗೆ ಕೂಲಿ ಕೊಡಿ. ದುಡ್ಡಿಲ್ಲ ಎನ್ನಬೇಡಿ. ಹೂಳುವ ದಿನ ಜೆಸಿಬಿಗೆ ದುಡ್ಡು ಎಲ್ಲಿಂದ ಬಂತು?