ಬಸಿರಲ್ಲೇ ಬೇಡಿ

1656ರಲ್ಲಿ ಅಮೆರಿಕದ ವರ್ಜೀನಿಯಾ ವಸಾಹತಿನಲ್ಲಿ ಎಲಿಜಬೆತ್ ಕೀ ಎಂಬ ಹೆಣ್ಣುಮಗಳು ತನ್ನ ಬಿಡುಗಡೆಗಾಗಿ ಕೋರ್ಟಿಗೆ ಹೋದಳು. ಅಪ್ಪ ಇಂಗ್ಲೆಂಡಿನವನು, ಅವ್ವ ಆಫ್ರಿಕಾದ ಗುಲಾಮ ಹೆಂಗಸು. ಇಂಗ್ಲಿಷ್ ಕಾನೂನಿನಲ್ಲಿ ಮಗುವಿನ ಸ್ಥಾನ ಅಪ್ಪನಿಂದ ಬರುತ್ತದೆ, ನನ್ನಪ್ಪ ಯಾರ ಆಳೂ ಅಲ್ಲ, ಅಂದಮೇಲೆ ನಾನೂ ಅಲ್ಲ ಎಂಬುದು ಅವಳ ವಾದಗಳಲ್ಲೊಂದು. ಗೆದ್ದಳು. ಇಂಥವಳೊಬ್ಬಳು ಗೆದ್ದರೆ ಹಿಂದೆ ಎಷ್ಟು ಜನ ಬರುತ್ತಾರೆಂಬ ಲೆಕ್ಕ ತೋಟದ ಧಣಿಗಳಿಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷದ ಮೇಲೆ, 1662ರಲ್ಲಿ, ವರ್ಜೀನಿಯಾ ಸಭೆ ಹೊಸ ಕಾಯಿದೆ ಮಾಡಿತು: ಹುಟ್ಟುವ ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಿಂದ ಮಾತ್ರ ತೀರ್ಮಾನವಾಗತಕ್ಕದ್ದು.

ಅಮೆರಿಕದ ಕಥೆಯನ್ನು 1776ರ ಸ್ವಾತಂತ್ರ್ಯ ಘೋಷಣೆಯಿಂದ ಶುರುಮಾಡುವವರು ಈ ಕಾಯಿದೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಧಣಿ ತನ್ನ ಕೈಕೆಳಗಿನ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದರೆ ಅವನಿಗೆ ಶಿಕ್ಷೆಯಿಲ್ಲ, ಬದಲಿಗೆ ಆಸ್ತಿ ಬೆಳೆಯಿತು. ತನ್ನದೇ ರಕ್ತವನ್ನು ಸಂತೆಯಲ್ಲಿ ನಿಲ್ಲಿಸಿ ಹರಾಜು ಕೂಗುವ ಹಕ್ಕನ್ನು ಕಾನೂನು ಅವನ ಕೈಗಿಟ್ಟಿತು. 1808ರಲ್ಲಿ ಹಡಗಿನಲ್ಲಿ ಗುಲಾಮರನ್ನು ತರುವುದು ನಿಷೇಧವಾದ ಮೇಲಂತೂ ಇಡೀ ಹತ್ತಿಯ ಸಾಮ್ರಾಜ್ಯ ನಿಂತದ್ದು ಕಪ್ಪು ಹೆಣ್ಣಿನ ಬಸಿರಿನ ಮೇಲೆ. ಆಫ್ರಿಕಾದಿಂದ ನೇರವಾಗಿ ಆ ನೆಲಕ್ಕೆ ಬಂದಿಳಿದವರು ಸುಮಾರು 4 ಲಕ್ಷ. 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಎಲ್ಲ ಮನುಷ್ಯರೂ ಸಮಾನರೆಂದು ಬರೆದ ಥಾಮಸ್ ಜೆಫರ್ಸನ್, ಎರಡು ವರ್ಷಕ್ಕೊಂದು ಮಗು ಹೆರುವ ಹೆಂಗಸು ಹೊಲದ ಅತ್ಯುತ್ತಮ ಗಂಡಾಳಿಗಿಂತ ಲಾಭದವಳು ಎಂದು 1820ರ ಕಾಗದವೊಂದರಲ್ಲಿ ಕೈಯಾರೆ ಬರೆದಿದ್ದಾನೆ.

ಮಿಸೌರಿಯ ಸಿಲಿಯಾಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1850ರಲ್ಲಿ ರಾಬರ್ಟ್ ನ್ಯೂಸಮ್ ಎಂಬ ಜಮೀನ್ದಾರ ಅವಳನ್ನು ಕೊಂಡುತಂದಾಗ ಅವಳಿಗೆ ಸುಮಾರು ಹದಿನಾಲ್ಕು. ಮನೆ ಮುಟ್ಟುವ ಮುಂಚೆ ದಾರಿಯಲ್ಲೇ ಅವಳನ್ನು ಕೆಡಿಸಿದ. ಐದು ವರ್ಷ ಹಾಗೇ ನಡೆಯಿತು. ಬಸುರಿಯಾಗಿದ್ದೇನೆ, ಕಾಯಿಲೆಯಿದೆ, ಬರಬೇಡ ಎಂದು ಹೇಳಿದಳು. 1855ರ ಜೂನಿನಲ್ಲಿ ಒಂದು ರಾತ್ರಿ ಅವನು ಮತ್ತೆ ಬಂದ. ದೊಣ್ಣೆಯಿಂದ ಹೊಡೆದು ಕೊಂದಳು. ಬಲಾತ್ಕಾರದಿಂದ ‘ಯಾವುದೇ ಹೆಂಗಸನ್ನು’ ಕಾಪಾಡುವ ಕಾನೂನು ಮಿಸೌರಿಯಲ್ಲಿತ್ತು. ಅವಳ ವಕೀಲರು ಅದನ್ನೇ ಎತ್ತಿ ಹಿಡಿದರು. ಆ ಕಾನೂನು ಗುಲಾಮಳಿಗೆ ಅನ್ವಯಿಸುತ್ತದೆಂದು ಜ್ಯೂರಿಗೆ ಹೇಳಲು ನ್ಯಾಯಾಧೀಶ ಒಪ್ಪಲಿಲ್ಲ. ಹೆಂಗಸು ಎಂಬ ಲೆಕ್ಕಕ್ಕೂ ಅವಳನ್ನು ಸೇರಿಸದೆ ಅದೇ ಡಿಸೆಂಬರಿನಲ್ಲಿ ನೇಣಿಗೆ ಹಾಕಿದರು. ಯಾವ ದೇಶವಾದರೂ ತನ್ನ ಸಂವಿಧಾನದ ಬಗ್ಗೆ ಎಷ್ಟೇ ಕೊಚ್ಚಿಕೊಳ್ಳಲಿ, ಅದನ್ನು ಸಿಲಿಯಾಳ ಪಕ್ಕದಲ್ಲಿ ನಿಂತು ಓದಬೇಕೆಂಬುದು ನನ್ನ ಹಟ.

ಉತ್ತರ-ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಬಂತು. 1863ರ ಜೂನಿನಲ್ಲಿ ಸೌತ್ ಕರೋಲಿನಾದ ಕಂಬಾಹಿ ನದಿಯಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಹ್ಯಾರಿಯೆಟ್ ಟಬ್ಮನ್ ಉತ್ತರದ ಸೈನ್ಯದ ದೋಣಿಗಳಿಗೆ ದಾರಿ ತೋರಿಸಿ ಒಂದೇ ರಾತ್ರಿ 700ಕ್ಕೂ ಹೆಚ್ಚು ಜನರನ್ನು ಬಿಡಿಸಿ ತಂದಳು. ಬೇಹುಗಾರಿಕೆ ಮಾಡಿದ ಆ ಹೆಣ್ಣಿಗೆ ಸರ್ಕಾರ ಪಿಂಚಣಿ ಕೊಡಲು ಮೂವತ್ತು ವರ್ಷ ತೆಗೆದುಕೊಂಡಿತು. ಕೊಟ್ಟಾಗಲೂ ಸೈನಿಕನ ವಿಧವೆ, ದಾದಿ ಎಂದು ಕೊಟ್ಟಿತೇ ಹೊರತು ದಾಳಿ ನಡೆಸಿದವಳೆಂದಲ್ಲ. ಯುದ್ಧ ಮುಗಿದು ಒಂದೇ ವರ್ಷಕ್ಕೆ, 1866ರ ಮೇ ತಿಂಗಳಲ್ಲಿ, ಟೆನೆಸ್ಸಿಯ ಮೆಂಫಿಸ್ ಊರಿನಲ್ಲಿ ಪೊಲೀಸರೂ ಸೇರಿದ ಬಿಳಿಯರ ಗುಂಪು ಕಪ್ಪು ಸೈನಿಕರ ಕೇರಿಗೆ ನುಗ್ಗಿ 46 ಕಪ್ಪು ಜನರನ್ನು ಕೊಂದಿತು. ಮನೆ, ಚರ್ಚು, ಶಾಲೆ ಸುಟ್ಟಿತು. ಅತ್ಯಾಚಾರಕ್ಕೊಳಗಾದ ಐವರು ಹೆಂಗಸರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಬಂದು, ನಿನ್ನೆಯವರೆಗೆ ಬಾಯಿಯೇ ಇಲ್ಲದವರು, ಏನಾಯಿತೆಂದು ಹೇಳಿ ದಾಖಲೆ ಮಾಡಿಸಿದರು. ಶಿಕ್ಷೆ ಮಾತ್ರ ಒಬ್ಬನಿಗೂ ಆಗಲಿಲ್ಲ.

ಅದೇ ಮೆಂಫಿಸ್‌ನಲ್ಲಿ ನನ್ನ ಪಾಲಿನ ದೊಡ್ಡ ಬರಹಗಾರ್ತಿಯೊಬ್ಬಳು ಎದ್ದಳು. ಐಡಾ ಬಿ. ವೆಲ್ಸ್, 1862ರಲ್ಲಿ ಮಿಸಿಸಿಪ್ಪಿಯಲ್ಲಿ ಗುಲಾಮರ ಮಗಳಾಗಿ ಹುಟ್ಟಿದವಳು. ಹದಿನಾರಕ್ಕೆ ಹಳದಿ ಜ್ವರ ಅಪ್ಪ ಅವ್ವ ಇಬ್ಬರನ್ನೂ ಕೊಂಡೊಯ್ದಿತು. ತಮ್ಮ ತಂಗಿಯರನ್ನು ಸಾಕಲು ಮೇಷ್ಟ್ರಗಿರಿಗೆ ಸೇರಿದಳು. ಮುಂದೆ ‘ಫ್ರೀ ಸ್ಪೀಚ್’ ಎಂಬ ಪತ್ರಿಕೆಯ ಪಾಲುದಾರಳೂ ಸಂಪಾದಕಿಯೂ ಆದಳು. ಅವಳ ಗೆಳೆಯ ಥಾಮಸ್ ಮಾಸ್ ಅಂಚೆ ಹಂಚುವ ಕೆಲಸದ ಜೊತೆಗೆ ನಾಲ್ಕಾರು ಜನರೊಡನೆ ಸೇರಿ ‘ಪೀಪಲ್ಸ್ ಗ್ರೋಸರಿ’ ಎಂಬ ಕಿರಾಣಿ ಅಂಗಡಿ ಇಟ್ಟಿದ್ದ. ಎದುರು ಅಂಗಡಿಯ ಬಿಳಿಯನಿಗೆ ವ್ಯಾಪಾರ ಇಳಿಯಿತು. ಜಗಳ ಹುಟ್ಟಿಸಿದರು, ಪೊಲೀಸರನ್ನು ನುಗ್ಗಿಸಿದರು, ಮಾಸ್, ಕ್ಯಾಲ್ವಿನ್ ಮೆಕ್‌ಡೊವೆಲ್, ವಿಲ್ ಸ್ಟೀವರ್ಟ್ ಮೂವರನ್ನೂ ಜೈಲಿಗೆ ಹಾಕಿದರು. 1892ರ ಮಾರ್ಚ್ 9ರ ನಸುಕಿನಲ್ಲಿ ಗುಂಪೊಂದು ಜೈಲಿನಿಂದ ಅವರನ್ನು ಎಳೆದೊಯ್ದು ಊರಾಚೆ ಗುಂಡಿಟ್ಟು ಕೊಂದಿತು.

ಅಲ್ಲಿಯವರೆಗೆ ದಕ್ಷಿಣದ ಬಿಳಿಯರು ಪ್ರತಿಯೊಂದು ಗುಂಪುಕೊಲೆಗೂ ಒಂದೇ ಕಾರಣ ಹೇಳುತ್ತಿದ್ದರು: ನಮ್ಮ ಹೆಣ್ಣುಮಕ್ಕಳ ಮಾನ. ಸಭ್ಯ ಜನ, ಉತ್ತರದ ದೊಡ್ಡ ಪತ್ರಿಕೆಗಳು, ಪಾದ್ರಿಗಳು ಎಲ್ಲರೂ ಅದನ್ನು ನುಂಗಿದ್ದರು. ಮಾಸ್ ಯಾವ ಹೆಣ್ಣಿನ ಮಾನ ಕಳೆದಿದ್ದ? ಅವನು ಮಾರಿದ್ದು ದಿನಸಿ. ಆ ಒಂದು ಸಾವಿನಿಂದ ವೆಲ್ಸ್ ಇಡೀ ಸುಳ್ಳಿನ ಬುಡಕ್ಕೆ ಕೈ ಹಾಕಿದಳು. ಕೊಲೆಗಳ ಸುದ್ದಿಯನ್ನು ಬಿಳಿಯರ ಪತ್ರಿಕೆಗಳಿಂದಲೇ ಒಂದೊಂದಾಗಿ ತೆಗೆದು ಲೆಕ್ಕ ಹಾಕಿದಳು. ಸತ್ತವರಲ್ಲಿ ಮೂರನೇ ಒಂದು ಪಾಲಿನಷ್ಟು ಜನರ ಮೇಲೆ ಮಾತ್ರ ಅತ್ಯಾಚಾರದ ಆರೋಪವಾದರೂ ಇತ್ತು. ಆರೋಪ ಎನ್ನುತ್ತಿದ್ದೇನೆ, ಸಾಬೀತಾದದ್ದಲ್ಲ. ಆ ಆರೋಪಗಳಲ್ಲೂ ಎಷ್ಟೋ ಕಡೆ ನಡೆದದ್ದು ಇಬ್ಬರೂ ಒಪ್ಪಿ ಕೂಡಿದ ಸಂಬಂಧ ಎಂದು ಅವಳು ಅಚ್ಚಿನಲ್ಲಿ ಬರೆದಳು. ಇನ್ನು ಶತಮಾನಗಳಿಂದ ಕಪ್ಪು ಹೆಣ್ಣಿನ ಮೇಲೆ ಬಿದ್ದ ಬಿಳಿಯನಿಗೆ ಯಾವ ಮರದ ಕೊಂಬೆಯಲ್ಲಿ ಹಗ್ಗ ಕಟ್ಟಿದ್ದೀರಿ ಎಂಬ ಪ್ರಶ್ನೆಯನ್ನೂ ಅವಳೇ ಎತ್ತಿದಳು.

ಒಂದೇ ಕೈ ಎರಡು ಕೆಲಸ ಮಾಡುತ್ತಿತ್ತು. ಕಪ್ಪು ಹೆಣ್ಣಿಗೆ ಮಾನವೇ ಇಲ್ಲವೆಂದು ಸಾರಿ ಅವಳ ಮೈಯನ್ನು ಬಯಲು ಮಾಡಿತು. ಬಿಳಿ ಹೆಣ್ಣಿನ ಮಾನವೇ ಊರಿನ ಮಾನವೆಂದು ಸಾರಿ ಅವಳನ್ನು ಮನೆಯೊಳಗೆ ಕೂಡಿಹಾಕಿ, ಅವಳ ಹೆಸರಿನಲ್ಲಿ ಕಪ್ಪು ಗಂಡಸನ್ನು ಕೊಂದಿತು. ಕೊಂದ ಮೇಲೆ ಅವನ ಅಂಗಡಿ, ಅವನ ಹೊಲ, ಅವನ ಓಟು ಎಲ್ಲವೂ ದಕ್ಕಿದವು. ಬಣ್ಣ ಬೇರೆ, ಹೆಣ್ಣು-ಗಂಡಿನ ಪ್ರಶ್ನೆ ಬೇರೆ, ಯುದ್ಧ-ಗಲಭೆ ಬೇರೆ ಎಂದು ಬೇರೆಬೇರೆ ಪಾಠ ಮಾಡುವ ಪಂಡಿತರಿಗೆ ಈ ಹೆಣ್ಣು ನೂರ ಮೂವತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾಳೆ.

ಅವಳ ಬರಹ ಬರೀ ಕಾಗದದಲ್ಲಿ ಉಳಿಯಲಿಲ್ಲ. ಊರು ಬಿಡಿ ಎಂದಳು. ಸಾವಿರಾರು ಕಪ್ಪು ಜನ ಗಂಟುಮೂಟೆ ಕಟ್ಟಿ ಒಕ್ಲಹೋಮಾ ಕಡೆ ಹೊರಟರು. ಉಳಿದವರು ಟ್ರ್ಯಾಮ್ ಹತ್ತುವುದನ್ನೇ ಬಿಟ್ಟರು. ಟ್ರ್ಯಾಮ್ ಕಂಪನಿಯ ಅಧಿಕಾರಿಗಳು ಅವಳ ಪತ್ರಿಕೆಯ ಬಾಗಿಲಿಗೇ ಬಂದು, ನಿಮ್ಮ ಜನಕ್ಕೆ ಸ್ವಲ್ಪ ಹೇಳಿ ಎಂದು ಕೇಳಿಕೊಂಡರು. ಮೇ ತಿಂಗಳಲ್ಲಿ, ಅವಳು ಊರಲ್ಲಿಲ್ಲದಾಗ, ಗುಂಪು ನುಗ್ಗಿ ಪತ್ರಿಕೆಯ ಕಚೇರಿಯನ್ನು ಧ್ವಂಸ ಮಾಡಿತು. ಮರಳಿದರೆ ಕೊಲ್ಲುತ್ತೇವೆಂದರು. ಅವಳು ನ್ಯೂಯಾರ್ಕಿನಲ್ಲಿ ಕೂತು ಇನ್ನೂ ಜೋರಾಗಿ ಬರೆದಳು, ಇಂಗ್ಲೆಂಡಿಗೆ ಹೋಗಿ ಊರೂರಲ್ಲಿ ಮಾತಾಡಿದಳು. ಬರೆದದ್ದಕ್ಕೆ ಊರನ್ನೇ ಕಳೆದುಕೊಂಡವಳ ಮುಂದೆ, ಪ್ರಶಸ್ತಿಗೆ ಧಕ್ಕೆಯಾದೀತೆಂದು ಬಾಯಿ ಮುಚ್ಚಿಕೊಳ್ಳುವ ನಮ್ಮ ಸಾಹಿತಿಗಳನ್ನು ನಿಲ್ಲಿಸಿ ನೋಡುವಾಗ ನನ್ನ ಸಿಟ್ಟು ನೆತ್ತಿಗೇರುತ್ತದೆ.

ಬಿಳಿ ಹೆಣ್ಣುಮಕ್ಕಳ ಚಳವಳಿ ಏನು ಮಾಡಿತು? 1913ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಮತದಾನದ ಹಕ್ಕಿಗಾಗಿ ದೊಡ್ಡ ಮೆರವಣಿಗೆ. ದಕ್ಷಿಣದ ಬಿಳಿ ಹೆಂಗಸರಿಗೆ ಬೇಸರವಾದೀತು, ನೀವು ಹಿಂದೆ ಕಪ್ಪು ಹೆಂಗಸರ ಸಾಲಿನಲ್ಲಿ ಬನ್ನಿ ಎಂದು ವೆಲ್ಸ್‌ಗೇ ಹೇಳಿದರು. ಅವಳು ಜನರ ನಡುವೆ ಕಾದು ನಿಂತು, ಇಲಿನಾಯ್ ರಾಜ್ಯದ ತಂಡ ಬಂದೊಡನೆ ನುಗ್ಗಿ ಅವರ ಜೊತೆಗೇ ನಡೆದಳು. 1920ರಲ್ಲಿ ಹೆಂಗಸರಿಗೆ ಓಟು ಬಂತು ಎನ್ನುತ್ತದೆ ಇತಿಹಾಸ. ದಕ್ಷಿಣದ ಕಪ್ಪು ಹೆಂಗಸಿಗೆ ನಿಜವಾಗಿ ಓಟು ಬರಲು 1965ರ ಮತದಾನ ಹಕ್ಕಿನ ಕಾಯಿದೆಯವರೆಗೆ ಕಾಯಬೇಕಾಯಿತು.

ರೋಸಾ ಪಾರ್ಕ್ಸ್ ಎಂದರೆ ದಣಿದು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡದೆ ಕೂತ ಸಾಧು ಹೆಂಗಸು ಎಂದು ಮಕ್ಕಳಿಗೆ ಕಲಿಸುತ್ತಾರೆ. ಸುಳ್ಳು ಕಲಿಸುತ್ತಾರೆ. 1944ರ ಸೆಪ್ಟೆಂಬರಿನಲ್ಲಿ ಅಲಬಾಮಾದ ಆಬೆವಿಲ್‌ನಲ್ಲಿ ಚರ್ಚಿನಿಂದ ಮನೆಗೆ ನಡೆದು ಹೋಗುತ್ತಿದ್ದ ರೀಸಿ ಟೇಲರ್ ಎಂಬ ತಾಯಿಯನ್ನು ಬಿಳಿ ಹುಡುಗರ ಗುಂಪು ಕಾರಿಗೆಳೆದು ಅತ್ಯಾಚಾರ ಮಾಡಿತು. ಅದನ್ನು ವಿಚಾರಿಸಲು ಮಾಂಟ್ಗಮರಿಯಿಂದ ಹೋದವಳು ಇದೇ ಪಾರ್ಕ್ಸ್. ಎರಡು ಗ್ರ್ಯಾಂಡ್ ಜ್ಯೂರಿಗಳು ಕೂತವು, ಎರಡೂ ಮೊಕದ್ದಮೆಯೇ ಬೇಡವೆಂದವು. ಮುಂದೆ ಮಾಂಟ್ಗಮರಿಯಲ್ಲಿ ನಡೆದ ಬಸ್ ಬಹಿಷ್ಕಾರದ ಬೀಜ ಅಲ್ಲಿದೆ. ಹನ್ನೊಂದು ವರ್ಷದ ನಂತರ ಆ ಬಹಿಷ್ಕಾರವನ್ನು 381 ದಿನ ಹೊತ್ತು ನಡೆದದ್ದು ಬಿಳಿಯರ ಮನೆಗಳಲ್ಲಿ ಪಾತ್ರೆ ಬಟ್ಟೆ ತೊಳೆಯುವ ಹೆಂಗಸರ ಕಾಲು. ಬಸ್ಸಿನಲ್ಲಿ ದಿನವೂ ಬೈಗುಳ ತಿಂದವರು, ಮೈ ಮುಟ್ಟಿಸಿಕೊಂಡವರು ಅವರೇ. ಟೇಲರ್‌ಗೆ ಅಲಬಾಮಾ ಶಾಸನಸಭೆ ಕ್ಷಮೆ ಕೇಳಿದ್ದು 2011ರಲ್ಲಿ.

ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಕೋರಿಗೆ ಮಾಡುವ ಬಡವರ ಮನೆಯ ಇಪ್ಪತ್ತನೇ ಕೂಸು. 1961ರಲ್ಲಿ ಗಡ್ಡೆ ತೆಗೆಸಲು ಆಸ್ಪತ್ರೆಗೆ ಹೋದಾಗ ಡಾಕ್ಟರು ಅವಳನ್ನು ಕೇಳದೆಯೇ ಗರ್ಭಕೋಶವನ್ನು ತೆಗೆದುಹಾಕಿದ. ಹೊಲಕ್ಕೆ ಆಳು ಬೇಕಿದ್ದಾಗ ಹೆರು ಹೆರು ಎಂದವರು, ಹತ್ತಿ ಬಿಡಿಸಲು ಯಂತ್ರ ಬಂದ ಕಾಲಕ್ಕೆ, ಓಟು ಕೇಳುವ ಮಕ್ಕಳು ಹುಟ್ಟುತ್ತಾರೆಂಬ ಕಾಲಕ್ಕೆ, ಆ ಬಸಿರನ್ನೇ ಕಿತ್ತುಹಾಕಿದರು. ಮರುವರ್ಷ ಅವಳು ಓಟಿನ ಪಟ್ಟಿಗೆ ಹೆಸರು ಬರೆಸಲು ಹೋದಳು. ಹದಿನೆಂಟು ವರ್ಷ ದುಡಿದ ತೋಟದಿಂದ ಅವತ್ತೇ ಹೊರಗಟ್ಟಿದರು. 1963ರಲ್ಲಿ ವಿನೋನಾ ಜೈಲಿನಲ್ಲಿ, ಇತರ ಕಪ್ಪು ಕೈದಿಗಳ ಕೈಯಿಂದಲೇ, ಮೂತ್ರಪಿಂಡ ಜಖಂ ಆಗುವಂತೆ ಹೊಡೆಸಿದರು. 1964ರ ಆಗಸ್ಟಿನಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯ ಮುಂದೆ ಅವಳು ಇದನ್ನೆಲ್ಲ ಹೇಳತೊಡಗಿದಾಗ ಟಿವಿಯ ಕಣ್ಣನ್ನು ಬೇರೆಡೆ ತಿರುಗಿಸಲೆಂದೇ ಅಧ್ಯಕ್ಷ ಜಾನ್ಸನ್ ದಿಢೀರನೆ ಪತ್ರಿಕಾಗೋಷ್ಠಿ ಕರೆದ. ರಾತ್ರಿ ಚಾನೆಲ್‌ಗಳು ಅವಳ ಮಾತನ್ನೇ ದೇಶಕ್ಕೆಲ್ಲ ತೋರಿಸಿದವು. ಪಕ್ಷದ ಸಮಾವೇಶದಲ್ಲಿ ಎರಡು ಸೀಟು ಕೊಡುತ್ತೇವೆ, ಸುಮ್ಮನಿರಿ ಎಂದಾಗ ಅವಳೂ ಅವಳ ಸಂಗಾತಿಗಳೂ ಒಪ್ಪಲಿಲ್ಲ.

ಇದೆಲ್ಲ ಹಳೆಯ ಮಾತು ಎನ್ನುವವರಿಗೆ ಹೇಳುತ್ತೇನೆ. ಇವತ್ತಿಗೂ ಅಮೆರಿಕದಲ್ಲಿ ಹೆರಿಗೆಗೆ ಸಂಬಂಧಿಸಿ ಸಾಯುವ ಕಪ್ಪು ಹೆಂಗಸರ ಪ್ರಮಾಣ ಬಿಳಿಯರದ್ದಕ್ಕಿಂತ ಸುಮಾರು ಮೂರು ಪಟ್ಟು. 2022ರ ಜೂನಿನಲ್ಲಿ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ಕಿತ್ತುಕೊಂಡ ಮೊಕದ್ದಮೆ ಬಂದದ್ದು ಮಿಸಿಸಿಪ್ಪಿಯಿಂದ. ಹೇಮರಳ ಗರ್ಭಕೋಶವನ್ನು ಕೇಳದೆ ತೆಗೆದ ರಾಜ್ಯವೇ ಈಗ ಹೆರಲೇಬೇಕೆಂದು ಹುಕುಂ ಹೊರಡಿಸುತ್ತದೆ.

ಈಗ ನಮ್ಮವರ ಕಡೆ ತಿರುಗುತ್ತೇನೆ. ಏಷ್ಯಾದವರಿಗೆ ಆ ದೇಶದ ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾಯಿದೆಯಿಂದ. ಅದು ಮೇಲಿನಿಂದ ಉದುರಿದ್ದಲ್ಲ. ಕಪ್ಪು ಜನ ರಸ್ತೆಯಲ್ಲಿ ನಾಯಿಗಳಿಂದ ಕಚ್ಚಿಸಿಕೊಂಡು, ಜೈಲಿನಲ್ಲಿ ಹೊಡೆಸಿಕೊಂಡು ಜನಾಂಗಭೇದದ ಕಾನೂನುಗಳನ್ನು ಮುರಿದ ಕಾಲದಲ್ಲೇ ಅದು ಬಂತು. ನಮ್ಮ ಡಾಕ್ಟರುಗಳು, ಇಂಜಿನಿಯರುಗಳು, ಆಮೇಲೆ ಬೆಂಗಳೂರಿನ ಸಾಫ್ಟ್‌ವೇರ್ ಮಕ್ಕಳು ಆ ಬಾಗಿಲಿನಿಂದ ಒಳಹೋದರು. ಹೋದವರು ರಜೆಗೆ ಬಂದು ‘ಆ ಕರಿಯರ ಏರಿಯಾ ಸರಿಯಿಲ್ಲ, ದುಡಿಯೋ ಜನ ಅಲ್ಲ’ ಎಂದು ಕಾಫಿ ಕುಡಿಯುತ್ತ ಹೇಳುವುದನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಸುಮಾರು ಎರಡೂವರೆ ಶತಮಾನ ಪುಕ್ಕಟೆ ದುಡಿದು ಮತ್ತೆ ಸೋಮಾರಿ ಎಂದು ಬೈಸಿಕೊಂಡ ಜನರ ಬಗ್ಗೆ ಈ ಮಾತು.

ಈ ರೋಗ ಇಂದಿನದಲ್ಲ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವನು. ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ. ಅಲ್ಲಿ ಅವನ ಪರವಾಗಿ ಇಟ್ಟ ವಾದ ಏನು ಗೊತ್ತೆ? ತಾನು ಮೇಲುಜಾತಿಯ ಆರ್ಯ, ಹಾಗಾಗಿ ಬಿಳಿಯ. ಮದುವೆಯ ವಿಷಯದಲ್ಲಿ ಅಮೆರಿಕದ ಬಿಳಿಯ ಕಪ್ಪು ಜನರನ್ನು ಹೇಗೆ ನೋಡುತ್ತಾನೋ ಹಾಗೆಯೇ ಮೇಲುಜಾತಿಯ ಹಿಂದೂ ಭಾರತದ ಮೂಲನಿವಾಸಿಯನ್ನು ನೋಡುತ್ತಾನೆ! ನಮ್ಮ ಜಾತಿಯ ಹೊಲಸನ್ನೇ ಅರ್ಹತಾಪತ್ರ ಮಾಡಿ ಮೇಜಿನ ಮೇಲಿಟ್ಟರು. 1923ರ ಫೆಬ್ರವರಿಯಲ್ಲಿ ಕೋರ್ಟು ಅದನ್ನೂ ಒದ್ದು, ನೀನು ಬಿಳಿಯನಲ್ಲ ಎಂದಿತು. ಆಮೇಲೆ ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರದ್ದನ್ನೂ ಕಿತ್ತುಕೊಂಡರು.

ಬೇರೆ ದಾರಿಯೂ ಇತ್ತು. ಅದನ್ನು ತೋರಿಸಿದವರು ಬಾಬಾಸಾಹೇಬ ಅಂಬೇಡ್ಕರರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಮನವಿ ಕೊಡುತ್ತಿದ್ದಾರೆಂದು ತಿಳಿದು 1946ರಲ್ಲಿ ಅವರು ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡು ಬೋಯ್ಸ್‌ಗೆ ಕಾಗದ ಬರೆದು ಅದರ ಪ್ರತಿ ಕೇಳಿದರು. ಅಸ್ಪೃಶ್ಯರ ಸ್ಥಿತಿಯೂ ಅಂಥದ್ದೇ ಎಂದರು. ಡು ಬೋಯ್ಸ್ ಉತ್ತರ ಬರೆದ. 1972ರಲ್ಲಿ ಮುಂಬೈಯ ದಲಿತ ಯುವಕರು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯಿಂದ ಹೆಸರು ತೆಗೆದುಕೊಂಡು ದಲಿತ್ ಪ್ಯಾಂಥರ್ಸ್ ಕಟ್ಟಿದರು. ಆ ಕಿಚ್ಚು ಕರ್ನಾಟಕಕ್ಕೂ ತಗುಲಿತು. ನಮ್ಮ ದಲಿತ ಸಂಘರ್ಷ ಸಮಿತಿಯ ಹುಡುಗರು, ಬಂಡಾಯ ಸಾಹಿತ್ಯದ ನಾವು, ಆ ಕಪ್ಪು ಜನರನ್ನು ಸಿನಿಮಾದಲ್ಲಿ ನೋಡಿ ತಿಳಿದವರಲ್ಲ, ನಮ್ಮ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಂದು ತಿಳಿದವರು.

2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸುವ ಮಸೂದೆ ಕ್ಯಾಲಿಫೋರ್ನಿಯಾದ ಎರಡೂ ಸದನಗಳಲ್ಲಿ ಪಾಸಾಯಿತು. ದಲಿತರು ಅದಕ್ಕಾಗಿ ಉಪವಾಸ ಕೂತರು. ವಿರೋಧಿಸಲು ಓಡಿಬಂದವು ಭಾರತ ಮೂಲದವರದ್ದೇ ಸಂಘಟನೆಗಳು. ಅಕ್ಟೋಬರಿನಲ್ಲಿ ಗವರ್ನರ್ ಅದಕ್ಕೆ ಸಹಿ ಹಾಕದೆ ವಾಪಸು ಕಳಿಸಿದ. ಈಗಿರುವ ಕಾನೂನುಗಳಲ್ಲೇ ರಕ್ಷಣೆಯಿದೆ ಎಂಬುದು ಅವನ ಕಾರಣ. ಈ ಮಾತು ಹೊಸದಲ್ಲ. ಗುಂಪುಕೊಲೆಯ ವಿರುದ್ಧ ಕಾನೂನು ಬೇಕೆಂದು ಅಮೆರಿಕದ ಸಂಸತ್ತಿನ ಆಗಿನ ಒಬ್ಬನೇ ಕಪ್ಪು ಸದಸ್ಯ ಜಾರ್ಜ್ ಹೆನ್ರಿ ವೈಟ್ 1900ರಲ್ಲಿ ಮಸೂದೆ ತಂದಿದ್ದ. ಕೊಲೆಗೆ ರಾಜ್ಯಗಳ ಕಾನೂನೇ ಸಾಕು ಎಂದು ದಕ್ಷಿಣದ ಸಂಸದರು ಅಂಥ ಮಸೂದೆಗಳನ್ನು ಒಂದಾದ ಮೇಲೊಂದು ಮುಗಿಸಿದರು. ಹಾಗೆ ಕೊಲೆಯಾದ ಎಮೆಟ್ ಟಿಲ್ ಎಂಬ ಹದಿನಾಲ್ಕರ ಹುಡುಗನ ಹೆಸರಿನಲ್ಲಿ ಆ ಕಾನೂನು ಕೊನೆಗೂ ಬಂದದ್ದು 2022ರ ಮಾರ್ಚಿನಲ್ಲಿ, ನೂರ ಇಪ್ಪತ್ತೆರಡು ವರ್ಷಕ್ಕೆ. ಅಷ್ಟು ವರ್ಷ ಕಾಯುವುದಕ್ಕೆ ಕ್ಯಾಲಿಫೋರ್ನಿಯಾದ ದಲಿತರು ತಯಾರಿಲ್ಲ. ಅಲ್ಲಿನ ನಮ್ಮ ಕನ್ನಡ ಕೂಟಗಳು ಯಾರ ಪಕ್ಕ ನಿಲ್ಲುತ್ತವೆಂದು ಬಾಯಿ ಬಿಟ್ಟು ಹೇಳಲಿ.